ಎಳ್ಳುಬೆಲ್ಲದ ಡಬ್ಬಿಯೂ ಗ್ರಾನೋಲದ ಪೊಟ್ಟಣವೂ



ಈ ಬಾರಿಯ ಬರಹವನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸಬೇಕಾಗಿದೆ. ಹಿಂದೊಮ್ಮೆ ಇದೇ ಪುಟದಲ್ಲಿ ನಾವು, ಬಿಳಿಯ ಸಕ್ಕರೆಯನ್ನು ಬಿಟ್ಟು ಬೆಲ್ಲವನ್ನು ಬಳಸಿದರೆ ಸಿಹಿತಿಂಡಿಗೆ ಅಂಜಬೇಕಾಗಿಲ್ಲವೆಂಬ ಅರ್ಥ ಬರುವಂತೆ ಬರೆದಿದ್ದೆವು. ಆ ಮಾತನ್ನು ನಂಬಿದ ಹಿರಿಯರೊಬ್ಬರ ಆರೋಗ್ಯ ಕೆಟ್ಟದ್ದನ್ನು ಕಣ್ಣಾರೆ ಕಂಡ ಮೇಲೆ ಸುಮ್ಮನಿರುವುದು ಸರಿಯಲ್ಲ. ಆದ್ದರಿಂದ ಈ ತಿಂಗಳು ಬೆಲ್ಲ, ಚಿಕ್ಕಿ, ಹುರಿಹಿಟ್ಟು ಮತ್ತು ಇವುಗಳ ದೂರದ ನೆಂಟನಂತೆ ನಮ್ಮ ಅಡುಗೆಮನೆಗೆ ಬಂದಿರುವ ಗ್ರಾನೋಲವೆಂಬ ತಿನಿಸು, ಇವುಗಳ ಗುಣಾವಗುಣಗಳನ್ನು ವಿಚಾರ ಮಾಡೋಣ.

ಕಳೆದ ಕಾರ್ತಿಕದಲ್ಲಿ ನಾವು ಬಂಗಾರಪೇಟೆಯಲ್ಲಿರುವ ನಮ್ಮ ತಂಗಿಯ ಮನೆಗೆ ಹೋಗಿ ಎರಡು ದಿನ ಉಳಿದಿದ್ದೆವು. ತಂಗಿಯ ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಪ್ರತಿದಿನವೂ ಸುಮಾರು 70 ಕಿಲೋಮೀಟರ್ ದೂರವನ್ನು ರೈಲಿನಲ್ಲಿ ಹೋಗಿ ಬರುತ್ತಾಳೆ. ಬೆಳಕು ಹರಿಯುವ ಮೊದಲೇ ಎದ್ದು, ಸ್ನಾನ ಲಿಂಗಪೂಜೆಗಳನ್ನು ಮುಗಿಸಿ, ಚೀಲವನ್ನು ಹೆಗಲಿಗೇರಿಸಿ ಹೊರಡುವ ಹೊತ್ತಿಗೆ ಒಲೆಯ ಮೇಲೆ ಇನ್ನೂ ಉಪ್ಪಿಟ್ಟಿನ ರವೆ ಹುರಿಯುತ್ತಿರುತ್ತದೆ. "ತಿಂಡಿ ತಿಂದು ಹೋಗೇ" ಎಂದು ತಾಯಿ ಕೂಗಿದರೆ, "ಗಾಡಿಯಲ್ಲಿ ತಿನ್ನುತ್ತೇನಮ್ಮಾ" ಎಂದು ಬಾಗಿಲಿನಿಂದಲೇ ಉತ್ತರ ಬರುತ್ತದೆ. ಚೀಲದಲ್ಲಿರುವುದು ಬಣ್ಣದ ಒಂದು ಪೊಟ್ಟಣ. ಅದರ ಮೇಲೆ ತೆನೆಗಳ ಚಿತ್ರ, ಜೇನಿನ ಹನಿಯ ಚಿತ್ರ, ಆರೋಗ್ಯದ ಕುರಿತು ನಾಲ್ಕು ಸವಿಮಾತುಗಳು.

ನಿಲ್ದಾಣದವರೆಗೂ ನಾವು ಅವಳ ಜೊತೆ ನಡೆದೆವು. ಮಾರಿಕುಪ್ಪಂ ಕಡೆಯಿಂದ ಬಂದ ಗಾಡಿಯಲ್ಲಿ ಆಗಲೇ ಜನ ಕಿಕ್ಕಿರಿದಿದ್ದರು. ಬೌರಿಂಗ್ ಎಂಬ ಕಮಿಷನರನ ಹೆಸರಿನಿಂದ ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಈ ಊರಿನಿಂದ ಚಿನ್ನದ ಗಣಿಗಳಿಗೆ ಕವಲು ರೈಲುಮಾರ್ಗ ಆದದ್ದು 1894ರಲ್ಲಿ. ಕೋರಮಂಡಲ್, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ ಎಂಬ ಆ ಮಾರ್ಗದ ನಿಲ್ದಾಣಗಳು ಗಣಿಯ ಜನರಿಗಾಗಿಯೇ ಹುಟ್ಟಿಕೊಂಡವು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದ ಆ ಗಣಿಗಳ ಕೆಲಸ 2001ರ ಫೆಬ್ರವರಿ 28ಕ್ಕೆ ನಿಂತುಹೋಯಿತು. ಅಂದಿನಿಂದ ಕೆ.ಜಿ.ಎಫ್.ನ ಸಾವಿರಾರು ಮನೆಗಳ ಅನ್ನ ಬೆಂಗಳೂರಿನಲ್ಲಿದೆ. ಅಲ್ಲಿಗೆ ಒಯ್ಯುವುದು ಈ ರೈಲೇ. ತಂದೆ ತಾತಂದಿರು ಪಾಳಿಯ ಲೆಕ್ಕದಲ್ಲಿ ಗಣಿಗೆ ಇಳಿಯುತ್ತಿದ್ದರೆ, ಮಕ್ಕಳು ಮೊಮ್ಮಕ್ಕಳು ರೈಲಿನ ಲೆಕ್ಕದಲ್ಲಿ ಬದುಕುತ್ತಿದ್ದಾರೆ. ಅವರ ಕಾಯಕದಲ್ಲಿ ಕೊರತೆಯಿಲ್ಲ. ಆದರೆ ಬೆಳಗಿನ ಊಟವೆಂಬುದು ಮಾತ್ರ ಕಿಟಕಿಯ ಪಕ್ಕದ ಒಂದು ಹಿಡಿ ತಿನಿಸಾಗಿ ಇಳಿದಿದೆ. ಹೀಗಿರುವಾಗ ಆ ಒಂದು ಹಿಡಿಯಲ್ಲಿ ಏನಿದೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ಮನೆಗೆ ಹಿಂತಿರುಗಿದಾಗ ತಂಗಿಯ ಅತ್ತೆಯವರು ಜಗುಲಿಯ ಮೇಲೆ ಕುಳಿತಿದ್ದರು. ಎಪ್ಪತ್ತು ದಾಟಿದ ತಾಯಿ, ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯುಳ್ಳವರು. ಕಾಫಿಗೆ ಚೂರೂ ಸಕ್ಕರೆ ಹಾಕಿಸಿಕೊಳ್ಳದ ನಿಷ್ಠಾವಂತರು. ಅವರ ಮುಂದೆ ಒಂದು ಬಟ್ಟಲಲ್ಲಿ ಹಾಲು, ಅದರೊಳಗೆ ಮೊಮ್ಮಗಳು ತಂದುಕೊಟ್ಟ ಅದೇ ಗ್ರಾನೋಲ. ಪಕ್ಕದ ಡಬ್ಬಿಯಲ್ಲಿ ಬೆಲ್ಲದ ಕಡಲೆಕಾಯಿ ಚಿಕ್ಕಿ. ಮಾತಿನ ನಡುವೆ ತಂಗಿ ಹೇಳಿದಳು: ಮೂರು ತಿಂಗಳ ಸರಾಸರಿಯನ್ನು ತೋರಿಸುವ ರಕ್ತಪರೀಕ್ಷೆಯಲ್ಲಿ ಹಿಂದೆ 7.2 ಇದ್ದದ್ದು ಈಗ 8.6ಕ್ಕೆ ಏರಿದೆ, ಕಾಲಿನ ಉರಿ ಹೆಚ್ಚಾಗಿದೆ, ಕಾರಣವೇ ತಿಳಿಯುತ್ತಿಲ್ಲ ಎಂದು. ನಮ್ಮ ದೃಷ್ಟಿ ಡಬ್ಬಿಯ ಕಡೆಗೆ ಹೋದುದನ್ನು ಕಂಡು ಆ ತಾಯಿ ನಗುತ್ತಾ, "ಇದು ಸಕ್ಕರೆಯದಲ್ಲ, ಬೆಲ್ಲದ್ದು. ಬೆಲ್ಲಕ್ಕೆ ಭಯವಿಲ್ಲವೆಂದು ನೀವೇ ಬರೆದದ್ದಲ್ಲವೇನಮ್ಮಾ?" ಎಂದರು.

ಓದುಗರೇ, ಆ ಕ್ಷಣದಲ್ಲಿ ನಮಗೆ ತಲೆಯೆತ್ತಲಾಗಲಿಲ್ಲ.

ಆ ದಿನವೇ ತಂಗಿಯ ಅಡುಗೆಮನೆಯ ತಕ್ಕಡಿಯನ್ನು ತರಿಸಿ ಲೆಕ್ಕ ಹಾಕಿದೆವು. ಅತ್ತೆಯವರು ದಿನಕ್ಕೆ ನಾಲ್ಕು ಚಿಕ್ಕಿ ತಿನ್ನುತ್ತಿದ್ದರು, ಒಟ್ಟು 100 ಗ್ರಾಂ. ಮನೆಯಲ್ಲಿ ಮಾಡುವ ಚಿಕ್ಕಿಗೆ ಕಡಲೆಕಾಯಿ ಬೀಜ ಎಷ್ಟೋ ಬೆಲ್ಲವೂ ಸರಿಸುಮಾರು ಅಷ್ಟೇ. ಅಂದರೆ 50 ಗ್ರಾಂ ಬೆಲ್ಲ. ಬಟ್ಟಲಿಗೆ ಹಾಕಿಕೊಳ್ಳುತ್ತಿದ್ದ ಗ್ರಾನೋಲ 80 ಗ್ರಾಂ. ಪೊಟ್ಟಣದ ಮೇಲೆ 100 ಗ್ರಾಮಿಗೆ 24 ಗ್ರಾಂ ಸಕ್ಕರೆ ಎಂದು ಸಣ್ಣ ಅಕ್ಷರದಲ್ಲಿತ್ತು. ಅಲ್ಲಿಗೆ ಇನ್ನೂ 19 ಗ್ರಾಂ. ಎರಡೂ ಸೇರಿ ದಿನಕ್ಕೆ ಸುಮಾರು 14 ಚಹಾ ಚಮಚದಷ್ಟು ಸಿಹಿ! ಕಾಫಿಯಲ್ಲಿ ಬಿಟ್ಟ ಎರಡು ಚಮಚ ಸಕ್ಕರೆ ಏಳು ಪಟ್ಟಾಗಿ ಬೇರೆ ಬಾಗಿಲಿನಿಂದ ಒಳಗೆ ಬಂದಿತ್ತು.

ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸಲಹೆಯಂತೆ, ದಿನದ ಒಟ್ಟು ಶಕ್ತಿಯಲ್ಲಿ ಇಂತಹ ಬಿಡಿ ಸಕ್ಕರೆಯ ಪಾಲು ಶೇಕಡ 10ಕ್ಕಿಂತ ಕಡಿಮೆ ಇರಬೇಕು. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲೊರಿ ಉಣ್ಣುವ ಆರೋಗ್ಯವಂತರಿಗೆ ಇದು ಕ್ರಮವಾಗಿ 50 ಗ್ರಾಂ ಮತ್ತು 25 ಗ್ರಾಂ ಆಗುತ್ತದೆ. ಜೇನನ್ನೂ ಹಣ್ಣಿನ ರಸವನ್ನೂ ಈ ಲೆಕ್ಕದಿಂದ ಬಿಟ್ಟಿಲ್ಲ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ, ಸ್ವಲ್ಪ ಖನಿಜಾಂಶಗಳು ಇರುವುದು ನಿಜ. ಅದರ ಪರಿಮಳವೂ ಬೇರೆಯೇ. ಆದರೆ ಅದರ ಬಹುಭಾಗ ಸಕ್ಕರೆಯೇ. ನಮ್ಮ ರಕ್ತಕ್ಕೆ ಅದು ಗಾಣದಿಂದ ಬಂದಿತೋ ಕಾರ್ಖಾನೆಯಿಂದ ಬಂದಿತೋ ಎಂಬ ಭೇದ ತಿಳಿಯದು. ಹಿಂದಿನ ನಮ್ಮ ಬರಹದಲ್ಲಿ ಬೆಲ್ಲದ ಗುಣವನ್ನು ಹೇಳಿ ಪ್ರಮಾಣವನ್ನು ಹೇಳದೆ ಬಿಟ್ಟದ್ದು ನಮ್ಮ ತಪ್ಪು. ಅದನ್ನು ಇಲ್ಲಿ ತಿದ್ದಿಕೊಳ್ಳುತ್ತಿದ್ದೇವೆ.

ಗ್ರಾನೋಲ ಎಲ್ಲಿಂದ ಬಂದಿತು?

ಈ ಹೆಸರು ಕೇಳಿ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಇಂದು ಅಂಗಡಿಯಲ್ಲಿ ದೊರೆಯುವ ಗ್ರಾನೋಲವೆಂದರೆ ಚಪ್ಪಟೆ ಮಾಡಿದ ಓಟ್ಸ್ ಧಾನ್ಯಕ್ಕೆ ಬಾದಾಮಿಯಂತಹ ಬೀಜಗಳು, ಜೇನು ಅಥವಾ ಸಕ್ಕರೆ ಪಾಕ, ಎಣ್ಣೆ ಬೆರೆಸಿ ಗರಿಗರಿಯಾಗುವಂತೆ ಬೇಯಿಸಿದ ತಿನಿಸು. ಅದನ್ನೇ ಒತ್ತಿ ಅಚ್ಚಿಗೆ ಹಾಕಿದರೆ ಗ್ರಾನೋಲ ಬಾರ್.

ಇದರ ಹುಟ್ಟು ಮಾತ್ರ ಸಿಹಿಯಂಗಡಿಯಲ್ಲಿ ಆದದ್ದಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಡಾನ್ಸ್‌ವಿಲ್ ಎಂಬ ಊರಿನಲ್ಲಿ ಆರೋಗ್ಯಧಾಮವನ್ನು ನಡೆಸುತ್ತಿದ್ದ ಜೇಮ್ಸ್ ಕ್ಯಾಲೆಬ್ ಜ್ಯಾಕ್ಸನ್ ಎಂಬ ವೈದ್ಯರು 1863ರಲ್ಲಿ ತವುಡು ತೆಗೆಯದ ಗೋಧಿಯ ಹಿಟ್ಟನ್ನು ಬೇಯಿಸಿ, ಒಡೆದು, ಮತ್ತೆ ಬೇಯಿಸಿ ಗ್ರಾನ್ಯುಲ ಎಂಬ ಆಹಾರವನ್ನು ತಯಾರಿಸಿದರು. ಅದು ಎಷ್ಟು ಗಟ್ಟಿಯಾಗಿತ್ತೆಂದರೆ ರಾತ್ರಿಯೇ ಹಾಲಿನಲ್ಲಿ ನೆನೆಸಿಡದಿದ್ದರೆ ಬೆಳಗ್ಗೆ ಅಗಿಯಲಾಗುತ್ತಿರಲಿಲ್ಲ. ಬ್ಯಾಟಲ್ ಕ್ರೀಕ್ ಎಂಬಲ್ಲಿ ಇಂತಹುದೇ ಆರೋಗ್ಯಧಾಮವನ್ನು ನಡೆಸುತ್ತಿದ್ದ ಜಾನ್ ಹಾರ್ವೆ ಕೆಲ್ಲಾಗ್ ಎಂಬ ಶಾಕಾಹಾರಿ ವೈದ್ಯರು ತಾವೂ ಅಂಥದನ್ನು ಮಾಡಿದರು. ಹೆಸರಿನ ತಕರಾರು ಬಂದಾಗ ಒಂದಕ್ಷರ ಬದಲಾಯಿಸಿ ಗ್ರಾನೋಲ ಎಂದರು. ಸುಮಾರು 1900ರಲ್ಲಿ ಸ್ವಿಟ್ಜರ್ಲೆಂಡಿನ ಬಿರ್ಷರ್ ಬೆನ್ನರ್ ಎಂಬ ವೈದ್ಯರು ತಮ್ಮ ರೋಗಿಗಳಿಗೆ ನೆನೆಸಿದ ಓಟ್ಸ್, ಸೇಬು, ಬೀಜಗಳ ಮ್ಯೂಸ್ಲಿಯನ್ನು ಕೊಡತೊಡಗಿದರು. 1960ರ ದಶಕದಲ್ಲಿ ಅಮೆರಿಕದ ತರುಣರು ಗ್ರಾನೋಲವನ್ನು ಮತ್ತೆ ಮೇಲೆತ್ತಿದರು. ಆ ಬಳಿಕ ದೊಡ್ಡ ಕಂಪನಿಗಳು ಕೈಹಾಕಿದವು, ಪಾಕ ಹೆಚ್ಚಿತು, ಎಣ್ಣೆ ಹೆಚ್ಚಿತು. ಆರೋಗ್ಯಧಾಮದ ಆಹಾರ ಹೀಗೆ ಮಿಠಾಯಿಯ ಕಡೆಗೆ ಸರಿಯಿತು. ಆದರೂ ಹಳೆಯ ಒಳ್ಳೆಯ ಹೆಸರು ಮಾತ್ರ ಪೊಟ್ಟಣದ ಮೇಲೆ ಉಳಿದುಕೊಂಡಿತು.

ನಮ್ಮ ಮನೆಯ ಗ್ರಾನೋಲ

ವಿಚಾರ ಮಾಡಿದರೆ ನಮ್ಮವರಿಗೆ ಈ ತಿನಿಸು ಹೊಸದೇನಲ್ಲ. ಸಂಕ್ರಾಂತಿಯಂದು ಮನೆಮನೆಗೆ ಬೀರುವ ಎಳ್ಳುಬೆಲ್ಲದಲ್ಲಿ ಏನಿದೆ? ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ. ಇದಕ್ಕೆ ಒಂದು ಹಿಡಿ ಹುರಿದ ಅವಲಕ್ಕಿಯನ್ನು ಸೇರಿಸಿದರೆ ಅದೇ ನಮ್ಮ ಗ್ರಾನೋಲ. ಶಿವರಾತ್ರಿಗೆ ಮಾಡುವ ತಂಬಿಟ್ಟು, ಪ್ರಯಾಣಕ್ಕೆ ಕಟ್ಟಿಕೊಡುತ್ತಿದ್ದ ರಾಗಿ ಹುರಿಹಿಟ್ಟು, ಜಾತ್ರೆಯ ಕಡಲೆಪುರಿ, ಶಾಲೆಯ ಮುಂದಿನ ಅಂಗಡಿಯ ಕಡಲೆ ಮಿಠಾಯಿ, ಇವೆಲ್ಲ ಒಂದೇ ವಂಶದವು. ಒಣಗಿದ ಧಾನ್ಯ, ಎಣ್ಣೆಬೀಜ, ಸ್ವಲ್ಪ ಸಿಹಿ, ಬೆಂಕಿಯ ಹದ. ಕೆಡದೆ ಹಲವು ದಿನ ಇರುವ ಗುಣ.

ಹಾಗೆಂದು ಎಲ್ಲವೂ ಅನಾದಿಕಾಲದಿಂದ ನಮ್ಮದೇ ಎಂದು ಬೀಗುವುದೂ ತರವಲ್ಲ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ, ಕಡಲಮಾರ್ಗದ ವ್ಯಾಪಾರ ಆರಂಭವಾದ ಮೇಲೆ ಇಲ್ಲಿಗೆ ಬಂದದ್ದು. ಇಂದು ಕಾರ್ತಿಕದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಬಸವಣ್ಣನ ಮುಂದೆ ಕಡಲೆಕಾಯಿ ಪರಿಷೆಯೇ ನಡೆಯುತ್ತದೆ. ರಾಗಿಯೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದ ಎತ್ತರದ ನಾಡಿನಿಂದ ಬಂದದ್ದೇ. ಈಗ ಕೋಲಾರದ ಕೆಂಪು ಮಣ್ಣಿಗೂ ರಾಗಿಗೂ ಬಿಡಿಸಲಾಗದ ನಂಟು. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ನಾಡು ರಾಗಿ ಬ್ರಹ್ಮನೆಂದೇ ಕರೆಯಿತು. ಓಟ್ಸ್ ಕೂಡ ಹಾಗೆಯೇ ಬಂದ ಒಬ್ಬ ಅತಿಥಿ. ಅದರಲ್ಲಿ ಒಳ್ಳೆಯ ನಾರಿನಂಶವಿದೆ. ದ್ವೇಷಿಸಬೇಕಾದದ್ದೇನೂ ಇಲ್ಲ. ಆದರೆ ಅತಿಥಿ ಬಂದನೆಂದು ಮನೆಯವರನ್ನು ಹೊರಗೆ ಕಳುಹಿಸಬೇಕಾಗಿಯೂ ಇಲ್ಲ.

ಮನೆಯವರ ಯೋಗ್ಯತೆಯನ್ನು ಸ್ವಲ್ಪ ನೋಡೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಇರುವುದು 10ರ ಆಸುಪಾಸು. ಕಡಲೆಕಾಯಿ ಬೀಜದ ತೂಕದಲ್ಲಿ ಸುಮಾರು ಕಾಲುಭಾಗ ಸಸಾರಜನಕ. ಹುರಿಗಡಲೆಯಲ್ಲಿಯೂ 100 ಗ್ರಾಮಿಗೆ 22 ಗ್ರಾಮಿನಷ್ಟಿದೆ, ಮೇಲಾಗಿ ಕೊಬ್ಬು ಬಹಳ ಕಡಿಮೆ. ಸಿಪ್ಪೆ ತೆಗೆಯದ ಎಳ್ಳು ಸುಣ್ಣದಂಶದ ಕಣಜ. ಧಾನ್ಯದ ಸಸಾರಜನಕದಲ್ಲಿ ಕೊರತೆಯಿರುವ ಅಂಶವನ್ನು ಕಡಲೆಯಂತಹ ಬೇಳೆಕಾಳು ತುಂಬಿಕೊಡುತ್ತದೆ, ಬೇಳೆಯ ಕೊರತೆಯನ್ನು ಧಾನ್ಯ ತುಂಬುತ್ತದೆ. ಮೊಟ್ಟೆ ಮಾಂಸಗಳನ್ನು ಮುಟ್ಟದ ನಮ್ಮ ಮನೆಗಳಿಗೆ ಈ ಜೋಡಣೆ ಬಹು ಮುಖ್ಯ. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ಪೋಷಣೆಯ ಕೊರತೆಯುಳ್ಳವರಿಗಾಗಿ ಮೊದಮೊದಲು ರೂಪಿಸಿದ ಬಹೂಪಯೋಗಿ ಆಹಾರದಲ್ಲಿಯೂ ಇದ್ದುದು ಇವೇ: ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮೂರು ಪಾಲು, ಕಡಲೆಹಿಟ್ಟು ಒಂದು ಪಾಲು. ನಮ್ಮ ಅಜ್ಜಿಯರ ಮಡಿಲಿನ ಹಿಡಿಕಾಳನ್ನು ವಿಜ್ಞಾನವು ತೂಗಿ ನೋಡಿ ಒಪ್ಪಿಕೊಂಡಂತಾಯಿತು.

ಶಾಲೆಯ ಚಿಕ್ಕಿಯ ಪಾಠ

ಒಳ್ಳೆಯ ವಸ್ತುವೂ ಪ್ರಮಾಣ ತಪ್ಪಿದರೆ, ಹಳತಾದರೆ ಏನಾಗುತ್ತದೆಂಬುದಕ್ಕೆ ಇತ್ತೀಚಿನ ಒಂದು ನಿದರ್ಶನ ನಮ್ಮ ರಾಜ್ಯದಲ್ಲೇ ಇದೆ. ಸರ್ಕಾರಿ ಶಾಲೆಗಳ ಮಕ್ಕಳಿಗೆ ಬಿಸಿಯೂಟದ ಜೊತೆಗೆ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಅಥವಾ ಕಡಲೆಕಾಯಿ ಚಿಕ್ಕಿ ಎಂಬ ಏರ್ಪಾಡು 2022ರಲ್ಲಿ ಇಡೀ ರಾಜ್ಯಕ್ಕೆ ವಿಸ್ತರಿಸಿತು. ನಮ್ಮ ಸಮಾಜದ ಎಷ್ಟೋ ಮಕ್ಕಳ ಪಾಲಿಗೆ ಬಂದದ್ದು ಹಣ್ಣು ಅಥವಾ ಚಿಕ್ಕಿಯೇ. ಆದರೆ ಚಿಕ್ಕಿಯಲ್ಲಿ ಸಕ್ಕರೆಯ ಮತ್ತು ಕೊಬ್ಬಿನ ಅಂಶ ಹೆಚ್ಚಾಗಿದೆ, ದಾಸ್ತಾನು ಸರಿಯಾಗಿಲ್ಲದೆ ಗುಣಮಟ್ಟ ಕೆಡುತ್ತಿದೆ ಎಂಬ ವರದಿಗಳು ಬಂದು, 2025ರ ಜನವರಿಯಲ್ಲಿ ಶಿಕ್ಷಣ ಇಲಾಖೆ ಚಿಕ್ಕಿಯ ವಿತರಣೆಯನ್ನು ನಿಲ್ಲಿಸಿತು. ಅದಕ್ಕೂ ಮುನ್ನ, 2024ರ ಫೆಬ್ರವರಿಯಲ್ಲಿ, ಶಾಲೆಯ ಹಾಲಿಗೆ ವಾರಕ್ಕೆ 3 ದಿನ ರಾಗಿಯ ಮಾಲ್ಟ್ ಬೆರೆಸಿ ಕೊಡುವ ಕಾರ್ಯ ಆರಂಭವಾಗಿತ್ತು.

ಇದರಿಂದ ಕಡಲೆಕಾಯಿ ಕೆಟ್ಟದ್ದೆಂದು ತಿಳಿಯಬಾರದು. ಕೆಟ್ಟದ್ದು ಅರ್ಧಕ್ಕರ್ಧ ಪಾಕ ಮತ್ತು ತಿಂಗಳುಗಟ್ಟಲೆ ಕೊಠಡಿಯಲ್ಲಿ ಬಿದ್ದ ಹಳಸಲು ಬೀಜ. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಚಿಕ್ಕಿಯಾಗಲಿ, ಅಂಗಡಿಯ ಬಾರ್ ಆಗಲಿ, ಚೌಕವಾಗಿ ಕತ್ತರಿಸಿದರೂ ಪುಡಿಯಾಗದೆ ನಿಲ್ಲಬೇಕಾದರೆ ಅಂಟು ಬೇಕು. ಆ ಅಂಟು ಪಾಕವೇ. ಆಕಾರ ಗಟ್ಟಿಯಾದಷ್ಟೂ ಸಿಹಿ ಹೆಚ್ಚು. ಬಿಡಿಬಿಡಿಯಾಗಿ ಉದುರುವ ಮಿಶ್ರಣಕ್ಕೆ ಕಾಲುಭಾಗಕ್ಕಿಂತ ಕಡಿಮೆ ಬೆಲ್ಲ ಸಾಕು. ನೋಟದ ಆಸೆಯನ್ನು ಬಿಟ್ಟರೆ ಆರೋಗ್ಯ ಉಳಿಯುತ್ತದೆ.

ಪೊಟ್ಟಣ ಕೊಳ್ಳಲೇಬೇಕಾದಾಗ ಮುಂಭಾಗದ ಚಿತ್ರವನ್ನು ನೋಡದೆ ಹಿಂಭಾಗವನ್ನು ತಿರುಗಿಸಿ ಓದಿರಿ. ಕಾನೂನಿನ ಪ್ರಕಾರ ಒಳಗಿನ ವಸ್ತುಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಮೊದಲ ಮೂರು ಹೆಸರುಗಳಲ್ಲಿ ಸಿಹಿಯ ವಸ್ತು ಇದ್ದರೆ ಅದನ್ನು ಮಿಠಾಯಿಯೆಂದೇ ತಿಳಿಯಿರಿ. ಸಕ್ಕರೆಗೆ ಅಲ್ಲಿ ಹಲವು ವೇಷಗಳಿರುತ್ತವೆ: ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಜೇನು, ಖರ್ಜೂರದ ಪಾಕ, ಕಂದು ಸಕ್ಕರೆ. ಒಂದೊಂದನ್ನೂ ಸ್ವಲ್ಪ ಸ್ವಲ್ಪ ಹಾಕಿದರೆ ಯಾವುದೂ ಪಟ್ಟಿಯ ತುದಿಗೆ ಬರುವುದಿಲ್ಲ. ಆದ್ದರಿಂದ ಕೋಷ್ಟಕದಲ್ಲಿ 100 ಗ್ರಾಮಿಗೆ ಒಟ್ಟು ಸಕ್ಕರೆ ಎಷ್ಟು ಎಂಬ ಸಂಖ್ಯೆಯನ್ನೇ ನೋಡಿ, ಐದರಿಂದ ಭಾಗಿಸಿರಿ. ಬಂದದ್ದು ಚಹಾ ಚಮಚಗಳ ಲೆಕ್ಕ. ಇದನ್ನು ಶಾಲೆಯ ಮಕ್ಕಳ ಕೈಯಲ್ಲೇ ಮಾಡಿಸಿದರೆ ಗಣಿತವೂ ಆಯಿತು, ವಿವೇಕವೂ ಆಯಿತು.

ಮಾಡುವ ಬಗೆ

ಬಂಗಾರಪೇಟೆಯ ಆ ಮನೆಯಲ್ಲಿ ಮರುದಿನ ನಾವೂ ತಂಗಿಯೂ ಕೂಡಿ ಮಾಡಿದ ಹುರಿಕಾಳಿನ ಮಿಶ್ರಣವನ್ನು ಇಲ್ಲಿ ಕೊಡುತ್ತಿದ್ದೇವೆ. ಬೇಕಾದ ವಸ್ತುಗಳು: ಅವಲಕ್ಕಿ 150 ಗ್ರಾಂ, ರಾಗಿಯ ಅರಳು 50 ಗ್ರಾಂ, ಕಡಲೆಕಾಯಿ ಬೀಜ 100 ಗ್ರಾಂ, ಹುರಿಗಡಲೆ 100 ಗ್ರಾಂ, ಎಳ್ಳು 50 ಗ್ರಾಂ, ಒಣಕೊಬ್ಬರಿ 30 ಗ್ರಾಂ, ಬೆಲ್ಲ 100 ಗ್ರಾಂ, ತುಪ್ಪ ಒಂದು ದೊಡ್ಡ ಚಮಚ, ಏಲಕ್ಕಿ ನಾಲ್ಕು, ಒಂದು ಚಿಟಿಕೆ ಉಪ್ಪು.

ರಾಗಿಯ ಅರಳಿಗೆ, ಹಸನು ಮಾಡಿದ ರಾಗಿಗೆ ಸ್ವಲ್ಪ ನೀರು ಚಿಮುಕಿಸಿ ಕಲಸಿ ರಾತ್ರಿ ಮುಚ್ಚಿಡಿರಿ. ಬೆಳಗ್ಗೆ ನೆರಳಲ್ಲಿ ಆರಲು ಹರಡಿ, ಚೆನ್ನಾಗಿ ಕಾದ ದಪ್ಪ ಬಾಣಲೆಯಲ್ಲಿ ಹಿಡಿಹಿಡಿಯಾಗಿ ಹಾಕಿ ಕೈಬಿಡದೆ ಆಡಿಸಿದರೆ ಬಿಳಿಯ ಹೂವಿನಂತೆ ಅರಳುತ್ತದೆ. ಅರಳದೆ ಉಳಿದ ಕಾಳನ್ನು ಜರಡಿಯಲ್ಲಿ ಬೇರ್ಪಡಿಸಿ ಬೀಸಿಟ್ಟುಕೊಳ್ಳಬಹುದು. ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ, ಮೊರದಲ್ಲಿ ಕೇರಿ ಬೇಳೆ ಮಾಡಿರಿ. ಅವಲಕ್ಕಿಯನ್ನು ಗರಿಯಾಗುವವರೆಗೆ, ಎಳ್ಳನ್ನು ಚಿಟಪಟ ಎನ್ನುವವರೆಗೆ ಬೇರೆಬೇರೆಯಾಗಿ ಹುರಿಯಿರಿ. ಹುರಿಗಡಲೆ ಬೆಚ್ಚಗಾದರೆ ಸಾಕು. ಕೊಬ್ಬರಿಯನ್ನು ತೆಳುವಾಗಿ ಹೆರೆದು ಸ್ವಲ್ಪ ಬಾಡಿಸಿರಿ.

ಬೆಲ್ಲಕ್ಕೆ ಎರಡು ಮೂರು ಚಮಚ ನೀರು ಹಾಕಿ ಕರಗಿಸಿ, ಮರಳು ಕಸ ಹೋಗುವಂತೆ ಸೋಸಿ, ಎಳೆಪಾಕ ಬಂದಾಗ ತುಪ್ಪ, ಏಲಕ್ಕಿ, ಉಪ್ಪು ಸೇರಿಸಿರಿ. ಎಲ್ಲ ಕಾಳುಗಳನ್ನೂ ಅದಕ್ಕೆ ಸುರಿದು ಮಂದ ಉರಿಯಲ್ಲಿ ಐದಾರು ನಿಮಿಷ ಮಗುಚುತ್ತಿದ್ದರೆ ಪಾಕ ಕಾಳಿಗೆ ತೆಳ್ಳಗೆ ಅಂಟಿ ಒಣಗುತ್ತದೆ. ತಟ್ಟೆಯಲ್ಲಿ ಹರಡಿ, ಪೂರ್ಣ ಆರಿದ ಮೇಲೆ ಬಿಗಿಯಾದ ಡಬ್ಬಿಗೆ ತುಂಬಿರಿ. ಎರಡು ವಾರದೊಳಗೆ ಮುಗಿಸಿರಿ. ಅದಕ್ಕಿಂತ ಹೆಚ್ಚಾಗಿ ಮಾಡಿಡಬೇಡಿರಿ.

ಇದರ 30 ಗ್ರಾಂ, ಎಂದರೆ ಒಂದು ಹಿಡಿಯಷ್ಟರಲ್ಲಿ, ಸುಮಾರು 130 ಕ್ಯಾಲೊರಿ ಶಕ್ತಿ, ಮೂರೂವರೆ ಗ್ರಾಮಿನಷ್ಟು ಸಸಾರಜನಕ, 5 ಗ್ರಾಂ ಬೆಲ್ಲ ಇರುತ್ತದೆ. ಅಷ್ಟೇ ತೂಕದ ಚಿಕ್ಕಿಯಲ್ಲಿ ಬೆಲ್ಲ 15 ಗ್ರಾಂ. ರೈಲಿಗೆ ಹೋಗುವವರು ಎರಡು ಹಿಡಿ ಕಟ್ಟಿಕೊಂಡು, ಜೊತೆಗೆ ಒಂದು ಬಾಳೆಹಣ್ಣನ್ನೋ ಸೀಬೆಹಣ್ಣನ್ನೋ ಇಟ್ಟುಕೊಂಡರೆ ಬೆಂಗಳೂರು ಮುಟ್ಟುವವರೆಗೆ ತಲೆ ಸುತ್ತುವುದಿಲ್ಲ. ಸಿಹಿ ಬೇಡವೆನ್ನುವವರು ಬೆಲ್ಲವನ್ನು ಪೂರ್ಣ ಬಿಟ್ಟು, ಕರಿಬೇವು, ಜೀರಿಗೆ, ಮೆಣಸಿನಪುಡಿಯ ಒಗ್ಗರಣೆಯಲ್ಲಿ ಖಾರದ ಮಿಶ್ರಣ ಮಾಡಬಹುದು. ಕಾಲದಲ್ಲಿ ಒಣಗಿಸಿ ಹುರಿದ ಅವರೆಬೇಳೆಯನ್ನೂ ಅದಕ್ಕೆ ಸೇರಿಸಿದರೆ ಕೋಲಾರದ ಸೀಮೆಯ ಸೊಗಡೇ ಬರುತ್ತದೆ.

ಯಾರಿಗೆ, ಎಷ್ಟು?

ಬೆಳೆಯುವ ಮಕ್ಕಳಿಗೆ ಶಾಲೆಯಿಂದ ಬಂದೊಡನೆ ಒಂದು ಹಿಡಿ ಧಾರಾಳವಾಗಿ ಕೊಡಬಹುದು. ಆದರೆ ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಕಡಲೆಕಾಯಿ ಬೀಜವನ್ನು ಕೊಡಲೇಬಾರದು. ಅದು ಶ್ವಾಸನಾಳಕ್ಕೆ ಸಿಕ್ಕಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಅವರಿಗೆ ಎಲ್ಲವನ್ನೂ ಪುಡಿಮಾಡಿ ಹಾಲಿನಲ್ಲಿ ಕಲಸಿ ಕೊಡಿರಿ. ಕಡಲೆಕಾಯಿ ತಿಂದೊಡನೆ ಮೈಮೇಲೆ ದದ್ದು, ತುಟಿ ಊತ, ಉಬ್ಬಸ ಕಾಣಿಸಿದ ಮಕ್ಕಳಿಗೆ ಮತ್ತೆ ಕೊಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಹಲ್ಲಿಲ್ಲದ ಹಿರಿಯರಿಗೆ ರಾಗಿ ಹುರಿಹಿಟ್ಟಿಗಿಂತ ಹಿತವಾದದ್ದು ಮತ್ತೊಂದಿಲ್ಲ. ಅರಳನ್ನು ಬೀಸಿದ ಆ ಹಿಟ್ಟನ್ನು ಬೇಯಿಸುವ ಅಗತ್ಯವೂ ಇಲ್ಲ. ಮಜ್ಜಿಗೆಯಲ್ಲಿ ಕಲಸಿ ಚಿಟಿಕೆ ಉಪ್ಪು ಹಾಕಿದರೆ ಆಯಿತು. ಸಕ್ಕರೆ ಕಾಯಿಲೆಯವರು ಸಿಹಿಯ ಮಿಶ್ರಣವನ್ನು ದಿನನಿತ್ಯದ ಆಹಾರ ಮಾಡಿಕೊಳ್ಳಬಾರದು. ರಾಗಿ ಎಂದೊಡನೆ ಅಳತೆಯಿಲ್ಲದೆ ತಿನ್ನುವುದೂ ತಪ್ಪು. ಅದರಲ್ಲಿಯೂ ಪಿಷ್ಟ ಹೇರಳವಾಗಿದೆ, ನುಣ್ಣಗೆ ಹಿಟ್ಟಾದಷ್ಟೂ ಬೇಗ ಜೀರ್ಣವಾಗಿ ಸಕ್ಕರೆ ಏರುತ್ತದೆ. ಹುರಿಗಡಲೆ, ಕಡಲೆಕಾಯಿ ಬೀಜ, ಎಳ್ಳು ಇವುಗಳ ಒಂದು ಹಿಡಿಯೇ ಅವರಿಗೆ ಸಂಜೆಯ ತಿಂಡಿಯಾಗಲಿ. ಔಷಧದ ವಿಷಯವನ್ನಂತೂ ತಮ್ಮ ವೈದ್ಯರನ್ನೇ ಕೇಳಬೇಕು.

ಕೊನೆಯದಾಗಿ ಬೀಜ ಆರಿಸುವ ಎಚ್ಚರ. ಮುರುಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಕಡಲೆಕಾಯಿಯನ್ನು ಹುರಿದರೆ ಸರಿಹೋಗುತ್ತದೆಂದು ಎಷ್ಟೋ ತಾಯಂದಿರು ತಿಳಿದಿದ್ದಾರೆ. ಆ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಕೆಡಿಸುವಂಥದು. ಹುರಿದರೂ ಅದು ಪೂರ್ಣ ಹೋಗುವುದಿಲ್ಲ. ಅಂತಹ ಬೀಜವನ್ನು ದನಕ್ಕೂ ಹಾಕದೆ ಎಸೆಯುವುದೇ ಲೇಸು. ಪ್ರಸಾದವನ್ನು ಕೆಡಿಸಬಾರದೆಂಬುದು ನಮ್ಮ ನಡೆ. ಕೆಟ್ಟದ್ದನ್ನು ಪ್ರಸಾದವೆಂದು ಉಣ್ಣಬೇಕೆಂಬುದಲ್ಲ.

ತಿನ್ನುವ ಸುಖ

ಇಷ್ಟೆಲ್ಲ ಗ್ರಾಂ, ಕ್ಯಾಲೊರಿಗಳ ಮಾತು ಕೇಳಿ ಓದುಗರಿಗೆ ತಿನ್ನುವ ಆಸೆಯೇ ಹೋಗಬಾರದು. ನಾಲಗೆಯ ಸುಖವನ್ನು ನಾವು ಅಲ್ಲಗಳೆಯುವವರಲ್ಲ. ಬಂಗಾರಪೇಟೆಗೆ ಹೋಗಿ, ನೀರಿನಂತೆಯೇ ತಿಳಿಯಾಗಿ ಕಾಣುವ, ಬಾಯಿಗೆ ಹಾಕಿದೊಡನೆ ಕಣ್ಣಲ್ಲಿ ನೀರು ತರಿಸುವ ಅಲ್ಲಿನ ಪಾನಿಪುರಿಯನ್ನು ತಿನ್ನದೆ ಬಂದೆವೆಂದು ಹೇಳಿದರೆ ಸುಳ್ಳಾದೀತು. ಅದು ಎಂದೋ ಒಂದು ಸಂಜೆಯ ಸಂತೋಷ. ಪ್ರತಿದಿನದ ಹಿಡಿತಿನಿಸಿನ ಸಂತೋಷವೇ ಬೇರೆ. ಬಾಣಲೆಯಲ್ಲಿ ಎಳ್ಳು ಸಿಡಿಯುವ ಸದ್ದು, ಹುರಿದ ಕಡಲೆಕಾಯಿಯ ಕಂಪು, ಹಲ್ಲಿಗೆ ಸಿಕ್ಕಿದ ಕೊಬ್ಬರಿಯ ಚೂರು. ಇವಕ್ಕೆ ಹೆಚ್ಚು ಸಿಹಿ ಬೇಕಿಲ್ಲ. ಹೆಚ್ಚು ಸಿಹಿಯಾದರೆ ಇವು ಯಾವುವೂ ತಿಳಿಯುವುದೂ ಇಲ್ಲ.

ನಾವು ಹಿಂತಿರುಗಿದ ಮೂರು ತಿಂಗಳ ಬಳಿಕ ತಂಗಿಯಿಂದ ಸುದ್ದಿ ಬಂದಿತು. ಮಗಳು ಈಗ ಡಬ್ಬಿಯನ್ನು ಒಯ್ಯುತ್ತಾಳಂತೆ. ಗಾಡಿಯಲ್ಲಿ ಎದುರು ಕುಳಿತುಕೊಳ್ಳುವ ಚಾಂಪಿಯನ್‌ನ ಇಬ್ಬರು ಗೆಳತಿಯರೂ ಕೈಚಾಚುವುದರಿಂದ ಎರಡು ಹಿಡಿ ಸಾಲದೆ ನಾಲ್ಕು ಹಿಡಿ ತುಂಬಬೇಕಾಗಿದೆಯಂತೆ. ಅವರೂ ತಮ್ಮ ಮನೆಯಿಂದ ಒಂದೊಂದು ದಿನ ಸುಂಡಲ್, ಒಂದೊಂದು ದಿನ ಹಣ್ಣು ತರುತ್ತಾರಂತೆ. ದಾಸೋಹವೆಂಬುದು ಮಠದ ಪಂಕ್ತಿಯಲ್ಲಿ ಮಾತ್ರ ನಡೆಯಬೇಕೆಂದಿಲ್ಲವಲ್ಲ!

ಅತ್ತೆಯವರು ಚಿಕ್ಕಿಯ ಡಬ್ಬಿಯನ್ನು ತಾವಾಗಿಯೇ ಮೇಲಿನ ಅಟ್ಟಕ್ಕೆ ಇಡಿಸಿ, ಹುರಿಗಡಲೆಯನ್ನು ಕೆಳಗೆ ಇರಿಸಿಕೊಂಡಿದ್ದಾರೆ. ವೈದ್ಯರು ಔಷಧವನ್ನೂ ಸ್ವಲ್ಪ ಬದಲಾಯಿಸಿದ್ದಾರೆ. ಪರೀಕ್ಷೆಯ ಸಂಖ್ಯೆ 7.6ಕ್ಕೆ ಇಳಿದಿದೆ. ಇನ್ನೂ ಇಳಿಯಬೇಕು. ಕಾಲಿನ ಉರಿ ಮಾತ್ರ ಪೂರ್ಣ ಹೋಗಿಲ್ಲ. ಅವರು ತಂಗಿಯ ಕೈಯಲ್ಲಿ ಹೇಳಿ ಕಳುಹಿಸಿದ ಮಾತು ಇಷ್ಟೇ: "ನಿಮ್ಮ ಅಕ್ಕನಿಗೆ ಹೇಳಮ್ಮಾ, ಇನ್ನು ಮುಂದೆ ಏನು ಬರೆದರೂ ಅಳತೆ ಸಮೇತ ಬರೆಯಲಿ."

ಆ ಅಪ್ಪಣೆಯನ್ನು ಶಿರಸಾ ವಹಿಸಿದ್ದೇವೆ. ಬರುವ ಸಂಕ್ರಾಂತಿಗೆ ಎಳ್ಳು ಬೀರುವಾಗ ಓದುಗರೂ ಬೆಲ್ಲದ ಅಚ್ಚನ್ನು ಒಮ್ಮೆ ತೂಗಿ ನೋಡುವರೆಂದು ನಂಬಿದ್ದೇವೆ. ಒಳ್ಳೆಯ ಮಾತಿಗಂತೂ ಯಾವ ಮಿತಿಯೂ ಬೇಡ.